ಉದ್ಯಾನ ಬೆಳೆದರೆ ಸರದಿ ಕರಗುವುದೇ?

ಮನರಂಜನಾ ಉದ್ಯಾನವನ್ನು ವಿಸ್ತರಿಸಿದರೆ ಹೆಚ್ಚು ಜನ ಸವಾರಿ ಮಾಡಬಹುದು ಎಂದು ನಮಗೆ ತೋರುವುದು ಸಹಜ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಡಿಸ್ನಿಲ್ಯಾಂಡಿನ ಇತಿಹಾಸ ಬೇರೆಯೇ ಲೆಕ್ಕ ಹೇಳುತ್ತದೆ.

ಸವಾರಿಯೊಂದು ಗಂಟೆಗೆ ಎಷ್ಟು ಮಂದಿಯನ್ನು ಸಾಗಿಸಬಲ್ಲದೋ ಅದೇ ಅದರ ಸಾಮರ್ಥ್ಯ. 20 ಆಸನಗಳ ದೋಣಿ ನಿಮಿಷಕ್ಕೊಂದರಂತೆ ಹೊರಟರೆ ಗಂಟೆಗೆ 1,200 ಮಂದಿ. ಅರ್ಧ ನಿಮಿಷಕ್ಕೊಂದರಂತೆ ಹೊರಟರೆ 2,400. ಇದಕ್ಕೆ ಒಂದಂಗುಲ ನೆಲವೂ ಹೆಚ್ಚು ಬೇಡ!

1959ರಲ್ಲಿ ಬಂದ ಮ್ಯಾಟರ್‌ಹಾರ್ನ್ ಸವಾರಿಯಲ್ಲಿ ಹಳಿಯನ್ನು ವಿಭಾಗಗಳಾಗಿ ಹಂಚಿ, ಒಂದೇ ಹಳಿಯ ಮೇಲೆ ಹಲವು ಬಂಡಿಗಳನ್ನು ಸುರಕ್ಷಿತವಾಗಿ ಓಡಿಸಿದರು. 1967ರ ಪೀಪಲ್‌ಮೂವರ್ ರೈಲು ನಿಲ್ಲುತ್ತಲೇ ಇರಲಿಲ್ಲ. ತಿರುಗುವ ವೇದಿಕೆಯಿಂದ ಜನ ಅದನ್ನು ಹತ್ತುತ್ತಿದ್ದರು. 1969ರ ಹಾಂಟೆಡ್ ಮ್ಯಾನ್ಷನ್‌ನಲ್ಲಿ ಕುರ್ಚಿಗಳದೇ ಒಂದು ಸರಪಳಿ ಎಡೆಬಿಡದೆ ಸಾಗುತ್ತದೆ.

ಆದರೆ ಹೊಸತೆಲ್ಲ ಹೆಚ್ಚಳವಲ್ಲ. ಪೀಪಲ್‌ಮೂವರ್ 1995ರಲ್ಲಿ ನಿಂತಿತು. ಅದೇ ಹಾದಿಯಲ್ಲಿ 1998ರಲ್ಲಿ ವೇಗದ ರಾಕೆಟ್ ರಾಡ್ಸ್ ಬಂತು. ತಿರುವು ಬಂದಾಗಲೆಲ್ಲ ವೇಗ ತಗ್ಗಿಸಬೇಕು, ಯಂತ್ರವೋ ಪದೇ ಪದೇ ಕೆಡುತ್ತಿತ್ತು. ಸರದಿ ಬೆಳೆಯಿತು, 2000ದಲ್ಲಿ ಅದೂ ನಿಂತಿತು. 2019ರ ಮೇ 31ರಂದು 14 ಎಕರೆಯ ಸ್ಟಾರ್ ವಾರ್ಸ್ ವಿಭಾಗ ತೆರೆದಾಗ ಅಲ್ಲಿದ್ದುದು ಒಂದೇ ಸವಾರಿ. ಎರಡನೆಯದು ಬಂದದ್ದು 2020ರ ಜನವರಿಯಲ್ಲಿ.

ವಿಸ್ತರಣೆ ಹೊಸ ಜನರನ್ನು ಸೆಳೆಯುತ್ತದೆ. ಆಸನಗಳು ಅದೇ ಪ್ರಮಾಣದಲ್ಲಿ ಹೆಚ್ಚದಿದ್ದರೆ ಕಾಯುವ ಹೊತ್ತೇ ಹೆಚ್ಚುತ್ತದೆ. ನೀವು ಇಂಥ ಸರದಿಯಲ್ಲಿ ನಿಂತಾಗ ಗಡಿಯಾರ ನೋಡಿ ಲೆಕ್ಕ ಹಾಕಿ. ಖಾಲಿ ಹೋದ ಆಸನಗಳನ್ನು ಕಳೆಯಲು ಮಾತ್ರ ಮರೆಯದಿರಿ.