ಬಳ್ಳಾರಿಯ ಅಂಚೆವಿಮಾನವೂ ಉಪಕರಣಾವಲಂಬಿ ವಾಯುಯಾನವೂ

ವಾಯುಯಾನದ ಚರಿತ್ರೆಯನ್ನು ಸಾಹಸಿಗಳ ಚರಿತ್ರೆಯೆಂದು ಬರೆಯುವ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಾಹಸವು ವಿಮಾನವನ್ನು ಆಕಾಶಕ್ಕೇರಿಸಿತೆಂಬುದು ನಿಜ. ಆದರೆ ಮೋಡ, ಮಳೆ, ಧೂಳುಗಳ ನಡುವೆ ಸಣ್ಣ ವಿಮಾನವೊಂದು ಸುರಕ್ಷಿತವಾಗಿ ಗುರಿ ಸೇರುವಂತಾದದ್ದು ಬೇರೊಂದು ಗುಣದಿಂದ. ಆ ಗುಣದ ಸ್ವರೂಪವನ್ನು ಕನ್ನಡನಾಡಿಗೆ ಸಂಬಂಧಿಸಿದ ಒಂದು ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನಿನ ‘ಪುಸ್ ಮಾತ್’ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹೂ ಮೈದಾನದಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದರಾಸಿಗೆ ಅಂಚೆಯನ್ನು ಮುಟ್ಟಿಸಿದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿದ್ದು 1953ರಲ್ಲಿ. ಗಂಟೆಗೆ ಸುಮಾರು 100 ಮೈಲಿ ವೇಗದ ಆ ವಿಮಾನಗಳಲ್ಲಿ ರೇಡಿಯೋ ಇರಲಿಲ್ಲ. ದಾರಿ ತೋರುವ ಸಂಕೇತಗಳು ನೆಲದ ಮೇಲೆಯೂ ಇರಲಿಲ್ಲ. ಮಳೆಗಾಲದಲ್ಲಿ ಜುಹೂ ಮೈದಾನವು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಕಾರ್ಯಸ್ಥಾನವನ್ನು ಪುಣೆಗೆ ಬದಲಾಯಿಸಬೇಕಾಗುತ್ತಿತ್ತು.

ಈ ಸೇವೆಗೆ ಸರ್ಕಾರದ ಸಹಾಯಧನವಿರಲಿಲ್ಲ. ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕಂತೆ ಹಣ ಸಲ್ಲುತ್ತಿತ್ತು. ಹಾರದ ದಿನ ಆದಾಯವೂ ಇಲ್ಲವೆಂಬುದು ಇದರಿಂದ ಸ್ಪಷ್ಟ. ಒಂದು ಕಡೆ ಅಂಚೆಯ ವೇಳಾಪಟ್ಟಿ, ಇನ್ನೊಂದು ಕಡೆ ಸಹ್ಯಾದ್ರಿಯನ್ನು ಮುಸುಕುವ ಮುಂಗಾರು. ನದಿ, ರೈಲುಹಳಿ, ಕರಾವಳಿಗಳನ್ನು ಕಣ್ಣಿನಿಂದ ಗುರುತಿಸಿ ಹಾರುವ ಚಾಲಕನಿಗೆ ಮೋಡವು ಘಟ್ಟದ ನೆತ್ತಿಯವರೆಗೆ ಇಳಿದಾಗ ಮೂರೇ ದಾರಿಗಳು: ಮೋಡದ ಕೆಳಗೆ ನುಸುಳಿ ಬೆಟ್ಟಕ್ಕೆ ತಾಗುವ ಅಪಾಯವನ್ನು ಎದುರಿಸುವುದು, ಮೋಡದೊಳಗೆ ಹೊಕ್ಕು ಕಣ್ಣನ್ನೇ ಕಳೆದುಕೊಳ್ಳುವುದು, ಇಲ್ಲವೇ ಹಿಂದಿರುಗುವುದು. ಮೂರನೆಯದೇ ಸುರಕ್ಷಿತವಾದರೂ ನಿಯತ ಸೇವೆಯ ಕಟ್ಟುಪಾಡು ಅದನ್ನೇ ಕಠಿಣಗೊಳಿಸುತ್ತಿತ್ತು.

ಮೋಡದೊಳಗೆ ಆಗುವುದೇನು? ನಮ್ಮ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವದ ಚಲನೆಯಿಂದ ದೇಹವು ತಿರುಗುವಿಕೆಯನ್ನು ಅರಿಯುತ್ತದೆ. ತಿರುವು ಬಹಳ ನಿಧಾನವಾಗಿದ್ದರೆ ಅದು ಅರಿವಿಗೇ ಬಾರದು. ಬಹುಕಾಲ ಒಂದೇ ಸಮನೆ ಸಾಗಿದರೆ ದ್ರವವೂ ನಾಳದೊಡನೆ ಸಮವೇಗ ಹೊಂದಿ, ತಿರುಗುತ್ತಿರುವವನಿಗೆ ತಾನು ನೇರವಾಗಿ ಹೋಗುತ್ತಿರುವಂತೆ ತೋರುತ್ತದೆ. ಆಗ ವಿಮಾನವನ್ನು ಸಮಸ್ಥಿತಿಗೆ ತಂದರೆ ಅದು ಎದುರು ದಿಕ್ಕಿಗೆ ವಾಲಿದಂತೆ ಭಾಸವಾಗಿ, ಚಾಲಕನು ಮತ್ತೆ ಮೊದಲಿನ ತಿರುವಿಗೇ ಮರಳುತ್ತಾನೆ. ಎತ್ತರ ಕುಸಿಯುವುದನ್ನು ಕಂಡು, ವಾಲಿದ ರೆಕ್ಕೆಗಳನ್ನು ಸರಿಪಡಿಸದೆ ಮೂತಿಯನ್ನು ಮೇಲೆತ್ತಿದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯವು ಉಪಕರಣಾಭ್ಯಾಸವಿಲ್ಲದ 20 ಜನರನ್ನು ಇಂಥ ಕೃತಕ ಸ್ಥಿತಿಯಲ್ಲಿ ಪರೀಕ್ಷಿಸಿತು. ಒಬ್ಬರೂ ವಿಮಾನವನ್ನು ಹತೋಟಿಯಲ್ಲಿಡಲಾರದೆ ಹೋದರು. ಹತೋಟಿ ತಪ್ಪಲು ಹಿಡಿದ ಸರಾಸರಿ ಕಾಲ 178 ಸೆಕೆಂಡುಗಳು. ಧೈರ್ಯವಾಗಲಿ ಕೈಚಳಕವಾಗಲಿ ಇಲ್ಲಿ ರಕ್ಷಣೆ ನೀಡಲಾರವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ.

ಇದಕ್ಕೆ ಪರಿಹಾರದ ಹಾದಿಯು ಬಳ್ಳಾರಿಯ ಸೇವೆಗೆ ಮೂರು ವರ್ಷ ಮೊದಲೇ ತೆರೆದಿತ್ತು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜೇಮ್ಸ್ ಡೂಲಿಟಲ್ ಅವರು ಮುಸುಕಿನಿಂದ ಮುಚ್ಚಿದ ಆಸನದಲ್ಲಿ ಕುಳಿತು, ಹೊರಗಿನ ಏನನ್ನೂ ಕಾಣದೆ, ಮೇಲೇರಿ, ಸುತ್ತಿ, ಇಳಿದರು. ಗೈರೋಸ್ಕೋಪಿನ ಆಧಾರದ ಕೃತಕ ದಿಗಂತ ಮತ್ತು ದಿಕ್ಕಿನ ಸೂಚಕ, ಸೂಕ್ಷ್ಮವಾದ ಎತ್ತರಮಾಪಕ, ನೆಲದ ರೇಡಿಯೋ ಸಂಕೇತ—ಇವು ಅವರ ಕಣ್ಣುಗಳಾದವು. ವೇಗವಾಗಿ ಸುತ್ತುವ ಗೈರೋಸ್ಕೋಪಿನ ಚಕ್ರವು ವಿಮಾನವು ಹೇಗೆ ವಾಲಿದರೂ ತನ್ನ ಅಕ್ಷದ ದಿಕ್ಕನ್ನು ಬಿಡದು. ಅದನ್ನು ಹೋಲಿಸಿ ನೋಡಿದಾಗ ವಾಲಿಕೆಯ ನಿಜಸ್ಥಿತಿ ತಿಳಿಯುತ್ತದೆ.

ಹಾಗೆಂದು ಉಪಕರಣವನ್ನು ಕುರುಡಾಗಿ ನಂಬಬೇಕೆಂದು ಅರ್ಥವಲ್ಲ. ವೇಗಮಾಪಕದ ಕೊಳವೆ ಕಟ್ಟಿಕೊಳ್ಳಬಹುದು. ಗೈರೋಸ್ಕೋಪನ್ನು ತಿರುಗಿಸುವ ಪಂಪು ಕೆಡಬಹುದು. ಆದುದರಿಂದ ಕೃತಕ ದಿಗಂತವು ಹೇಳಿದ್ದನ್ನು ವೇಗ, ಎತ್ತರ, ದಿಕ್ಕು, ತಿರುವು ಇವುಗಳ ಸೂಚಕಗಳೊಡನೆ ಎಡೆಬಿಡದೆ ತಾಳೆ ನೋಡುವುದೇ ಈ ವಿದ್ಯೆಯ ಜೀವಾಳ. ಶಾಸನವೊಂದನ್ನು ಇತರ ಆಕರಗಳೊಡನೆ ತಾಳೆ ನೋಡುವ ಇತಿಹಾಸಾಭ್ಯಾಸಿಗೆ ಈ ಕ್ರಮ ಅಪರಿಚಿತವಲ್ಲ. ಉಪಕರಣವಿದ್ದೂ ಸಕಾಲದಲ್ಲಿ ಓದದಿದ್ದರೆ ಫಲವಿಲ್ಲವೆಂಬುದಕ್ಕೆ ದೊಡ್ಡ ವಿಮಾನಗಳೂ ಹೊರತಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ, ತಿಳಿಯಾದ ಹಗಲಿನಲ್ಲಿಯೇ, ಇಂಡಿಯನ್ ಏರ್‌ಲೈನ್ಸ್ ವಿಮಾನವು ಇಳಿಯುವಾಗ ವೇಗ ಕುಗ್ಗುತ್ತಿದ್ದುದು ವೇಳೆಗೆ ಸರಿಯಾಗಿ ಗಮನಕ್ಕೆ ಬಾರದೆ, 146 ಜನರಲ್ಲಿ 92 ಮಂದಿ ಮಡಿದರು.

ಕರ್ನಾಟಕದಲ್ಲಿ ಚಾಲಕರನ್ನು ತಯಾರಿಸುವ ಕಾರ್ಯಕ್ಕೆ ಜಕ್ಕೂರಿನ ಸರ್ಕಾರಿ ಶಾಲೆಯೂ, 1951ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌.ಟಿ.-2 ಎಂಬ ಎರಡಾಸನದ ವಿಮಾನವೂ ನೆರವಾದವು. ಕೊಳಕೂರ, ಜೇವರ್ಗಿ, ಅಫಜಲಪುರ, ಆಳಂದಗಳ ಬಯಲುಸೀಮೆಗೆ ಹತ್ತಿರದ ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನನಿಲ್ದಾಣ ಉದ್ಘಾಟನೆಗೊಂಡು, ಮುಂದೆ ಚಾಲಕರ ತರಬೇತಿಗೂ ತಾಣವಾಯಿತು. ಬೆಟ್ಟವಿಲ್ಲದ ಬಯಲೆಂದು ಇಲ್ಲಿ ಅಪಾಯವಿಲ್ಲವೆನ್ನಲಾಗದು. ಬೇಸಗೆಯ ಧೂಳುಮಬ್ಬು ದಿಗಂತವನ್ನು ಅಳಿಸಿದಾಗ ದೇಹ ಹೇಳುವ ಸುಳ್ಳು ಘಟ್ಟದ ಮೋಡದಲ್ಲಿ ಹೇಳಿದ ಸುಳ್ಳೇ ಆಗಿರುತ್ತದೆ.

ಇಂದಿಗೂ ಚಾಲಕನ ಮುಂದೆ ಅದೇ ಮೂರು ದಾರಿಗಳಿವೆ. ಅಭ್ಯಾಸವುಳ್ಳವನಿಗೆ, ತಕ್ಕ ಉಪಕರಣಗಳೂ ಸುರಕ್ಷಿತವಾದ ಎತ್ತರವೂ ಇದ್ದರೆ, ಎರಡನೆಯ ದಾರಿ ತೆರೆದಿದೆ. ಅಂಥವನೂ ನಿಗದಿಯಾದ ಕನಿಷ್ಠ ಎತ್ತರದಲ್ಲಿ ನೆಲ ಕಾಣದಿದ್ದರೆ ಇಳಿಯುವ ಆಸೆಯನ್ನು ಬಿಟ್ಟು ಮೇಲೇರಬೇಕು. ಬೇರೊಂದು ನಿಲ್ದಾಣ ತಲುಪುವಷ್ಟು ಇಂಧನವನ್ನು ಮೊದಲೇ ಇಟ್ಟುಕೊಂಡಿರಬೇಕು. ಸ್ವಂತ ಇಂದ್ರಿಯಗಳನ್ನು ಸಂಶಯಿಸುವ ಈ ಶಿಸ್ತು ವಿಮಾನದೊಡನೆ ಹುಟ್ಟಿಬಂದುದಲ್ಲ. ಅನೇಕ ಚಾಲಕರ ಮರಣದ ಬಳಿಕ ರೂಪುಗೊಂಡುದು. ವಾಯುಯಾನದ ಚರಿತ್ರೆಯಲ್ಲಿ ಮೊದಲ ಹಾರಾಟಗಳಿಗಿರುವಷ್ಟೇ ಸ್ಥಾನ ಇದಕ್ಕೂ ಸಲ್ಲಬೇಕು.