ಸಮಸ್ಯಾಪೂರಣವೂ ಕೃತಿಚೌರ್ಯವೂ

ವಿದ್ಯಾರ್ಥಿಗಳು ಅನ್ಯರ ಬರಹವನ್ನು ತಮ್ಮದೆಂದು ಒಪ್ಪಿಸುವ ವಿಷಯದಲ್ಲಿ ಉಪಾಧ್ಯಾಯರು ವಿಚಾರಮಾಡುವಾಗ, ಕಳವನ್ನು ಕಂಡುಹಿಡಿಯುವ ಬಗೆ, ದಂಡಿಸುವ ಬಗೆ ಇವೇ ಮುಂದೆ ಬರುತ್ತವೆ. ಕೊಟ್ಟ ಪ್ರಶ್ನೆಯೇ ಕಳವಿಗೆ ಎಡೆಗೊಟ್ಟಿತೆ ಎಂಬ ಜಿಜ್ಞಾಸೆ ವಿರಳ. ಈ ದೃಷ್ಟಿಯಿಂದ ನಮ್ಮ ಪ್ರಾಚೀನರ ಕವಿಶಿಕ್ಷಾಕ್ರಮವು ಪರಿಶೀಲನಾರ್ಹವಾಗಿದೆ.

ಕಾವ್ಯಚೌರ್ಯದ ನಿಂದೆ ಬಹು ಹಳೆಯದು. 7ನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಪೀಠಿಕೆಯಲ್ಲಿ, ಅಕ್ಷರಗಳನ್ನು ಮಾರ್ಪಡಿಸಿ ಗುರುತನ್ನು ಮರೆಸುವ ಕವಿಯನ್ನು ಚೋರನೆಂದು ಹಳಿದಿದ್ದಾನೆ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳ ಭೇದಗಳನ್ನು ವಿಸ್ತಾರವಾಗಿ ವಿಂಗಡಿಸಿದ್ದಾನೆ. 11ನೆಯ ಶತಮಾನದಲ್ಲಿದ್ದ ಕಾಶ್ಮೀರದ ಕ್ಷೇಮೇಂದ್ರನಾದರೋ, ಕವಿಕಂಠಾಭರಣದಲ್ಲಿ ಛಾಯೆ, ಪದ, ಪಾದ, ಸಮಗ್ರಕೃತಿ ಇವುಗಳನ್ನು ಎರವು ಪಡೆಯುವವರನ್ನು ಹೆಸರಿಸಿದುದಲ್ಲದೆ, ಶಿಷ್ಯನು ಮಾಡಬೇಕಾದ ಅಭ್ಯಾಸಗಳನ್ನೂ ಹೇಳಿರುವನು.

ಅವುಗಳಲ್ಲಿ ಎರಡು ಪ್ರಕೃತಕ್ಕೆ ಮುಖ್ಯ. ಮೊದಲನೆಯದು ಪ್ರಸಿದ್ಧ ಶ್ಲೋಕದ ಪದಗಳನ್ನು ಬದಲಿಸಿ ರಚಿಸುವುದು. ಇದಕ್ಕೆ ರಘುವಂಶದ ಪ್ರಥಮ ಶ್ಲೋಕವನ್ನೇ ತೆಗೆದುಕೊಂಡಿದ್ದಾನೆ. ಮೂಲವು ಗುರುಶಿಷ್ಯರಿಬ್ಬರಿಗೂ ತಿಳಿದಿರುವುದರಿಂದ ಅನುಕರಣವು ಇಲ್ಲಿ ವಂಚನೆಯಾಗದೆ ಸಾಧನೆಯಾಗುತ್ತದೆ. ಎರಡನೆಯದು ಸಮಸ್ಯಾಪೂರಣ. ಸಾಮಾನ್ಯವಾಗಿ ಕೊನೆಯ ಪಾದವೊಂದನ್ನು ಕೊಟ್ಟು, ಉಳಿದವನ್ನು ಛಂದಸ್ಸಿಗೂ ಅರ್ಥಕ್ಕೂ ಹೊಂದುವಂತೆ ರಚಿಸಬೇಕೆಂಬುದು ಇದರ ನಿಯಮ. ಕಂಠಪಾಠವಾದ ಪದ್ಯ ಎಷ್ಟೇ ಸೊಗಸಾಗಿದ್ದರೂ ಆ ಪಾದಕ್ಕೆ ಕೂಡದು. ಚೌರ್ಯವನ್ನು ತಡೆಯಲೆಂದೇ ಕ್ಷೇಮೇಂದ್ರನು ಇದನ್ನು ವಿಧಿಸಿದನೆಂದು ಹೇಳಲಾಗದು. ಆದರೆ ಅಭ್ಯಾಸದ ಸ್ವರೂಪದಿಂದಲೇ ಆ ಫಲ ದೊರೆಯುತ್ತದೆ.

ಇದಕ್ಕೊಂದು ಮಿತಿಯೂ ಉಂಟು. ಸಮಸ್ಯೆಯು ಪ್ರಸಿದ್ಧವಾದಂತೆ ಅದರ ಪೂರಣವೂ ಪ್ರಸಿದ್ಧವಾಗುತ್ತದೆ. ಬಲ್ಲಾಳನ ಭೋಜಪ್ರಬಂಧದಲ್ಲಿ ಕಾಳಿದಾಸನ ಹೆಸರಿನಲ್ಲಿರುವ ಪೂರಣಗಳನ್ನು ಯಾರಾದರೂ ಬಾಯಿಪಾಠ ಮಾಡಬಹುದು. ಆದುದರಿಂದ ಸಮಸ್ಯೆ ಹೊಸದಾಗಿರಬೇಕು. ಅಷ್ಟಾವಧಾನದ ನಿಷೇಧಾಕ್ಷರಿಯಲ್ಲಿ ಈ ತತ್ತ್ವವು ಪರಾಕಾಷ್ಠೆಯನ್ನು ಮುಟ್ಟಿದೆ. ಅವಧಾನಿಯು ಒಂದೊಂದು ಅಕ್ಷರವನ್ನು ಹೇಳಿದಂತೆ ಪೃಚ್ಛಕನು ಮುಂದಿನದಕ್ಕೆ ಒಂದಕ್ಷರವನ್ನು ನಿಷೇಧಿಸುವನು. ಮೊದಲೇ ಸಿದ್ಧಪಡಿಸಿದ ಪದ್ಯ ಅಲ್ಲಿ ನಿಲ್ಲಲಾರದು.

ನಮ್ಮ ತರಗತಿಗಳಲ್ಲಿ ‘ಪಂಪನ ಕರ್ಣನ ಪಾತ್ರವನ್ನು ವಿವರಿಸಿ’ ಎಂಬ ಪ್ರಶ್ನೆ ಹಳಸಿದ ಸಮಸ್ಯೆಯಂತೆ. ಅದರ ಉತ್ತರ ಎಲ್ಲೆಡೆ ಸಿದ್ಧವಾಗಿದೆ. ಅದಕ್ಕೆ ಬದಲಾಗಿ ವಿಕ್ರಮಾರ್ಜುನವಿಜಯದ ಎರಡು ಪದ್ಯಗಳನ್ನು ಕೊಟ್ಟು, ಅವುಗಳಲ್ಲಿ ಕರ್ಣನು ತೋರುವ ಬಗೆ ಹೇಗೆ ಭಿನ್ನವೆಂದು ಪದಪದವನ್ನೂ ಹಿಡಿದು ನಿರೂಪಿಸಹೇಳಿದರೆ, ಮತ್ತು ಪ್ರತಿವರ್ಷವೂ ಆ ಪದ್ಯಗಳನ್ನು ಬದಲಿಸಿದರೆ, ವಿದ್ಯಾರ್ಥಿಯು ಗ್ರಂಥವನ್ನೇ ತೆರೆಯಬೇಕಾಗುವುದು. ಇದರಿಂದ ಕಳವು ಸಂಪೂರ್ಣವಾಗಿ ನಿಲ್ಲುವುದೆಂದಲ್ಲ. ಆದರೆ ಶಿಷ್ಯನನ್ನು ಚೋರನೆನ್ನುವ ಮೊದಲು, ಅವನಿಗೆ ಕೊಟ್ಟ ಸಮಸ್ಯೆ ಹೊಸದಾಗಿತ್ತೆ ಎಂದು ಗುರುವು ತನ್ನನ್ನೇ ಕೇಳಿಕೊಳ್ಳುವುದು ನ್ಯಾಯವಾಗಿದೆ.