ಗುಂಡುಕಾಳಗದ ಆಟಗಳ ಬೆಳವಣಿಗೆಯಲ್ಲಿ ಆಟಗಾರ ಸಮುದಾಯದ ಪಾತ್ರ: ಒಂದು ಸಮೀಕ್ಷೆ

ನವಲಗುಂದದ ಜಮಖಾನೆಗಳ ವಿನ್ಯಾಸಗಳಲ್ಲಿ ಪಗಡೆಯ ಹಾಸೂ ಒಂದೆಂಬುದು ಈ ಪ್ರಾಂತದ ವಾಚಕರಿಗೆ ಹೊಸ ಸಂಗತಿಯಲ್ಲ. ನಾಲ್ಕು ತೋಳುಗಳುಳ್ಳ ಆ ಹಾಸನ್ನು ನೇಯುವ ಹೆಣ್ಣುಮಕ್ಕಳು ಆಟದ ಮನೆಗಳನ್ನು ಮಾತ್ರ ನೇಯುತ್ತಾರೆ. ಯಾವ ಗರ ಬಿದ್ದರೆ ಕಾಯಿ ಹುಟ್ಟಬೇಕು, ಯಾವ ಮನೆಯಲ್ಲಿ ಕಾಯಿಯನ್ನು ಹೊಡೆಯಕೂಡದು ಎಂಬುದನ್ನು ಹಾಸಿನ ಸುತ್ತ ಕುಳಿತವರು ತಮ್ಮೊಳಗೆ ಗೊತ್ತುಮಾಡಿಕೊಳ್ಳುತ್ತಾರೆ. ಒಂದು ಊರಿನ ಪದ್ಧತಿ ಮತ್ತೊಂದು ಊರಿನಲ್ಲಿ ನಡೆಯದಿದ್ದರೆ ಆಟಕ್ಕೆ ಕೂರುವ ಮುನ್ನವೇ ಅದನ್ನು ಮಾತಾಡಿಕೊಳ್ಳುವುದು ವಾಡಿಕೆ. ಚಿನ್ನಿದಾಂಡಿನ ವಿಷಯವೂ ಇದೇ. ಮಹಾರಾಷ್ಟ್ರದ ಹುಡುಗರು ತಮ್ಮ ವಿಟಿದಾಂಡಿನಲ್ಲಿ ‘ವಕಟ, ಲೇಂಡ, ಮೂಂಡ’ ಎಂದು ಎಣಿಸುವುದುಂಟು. ಇವು ತೆಲುಗಿನ ‘ಒಕಟಿ, ರೆಂಡು, ಮೂಡು’ಗಳ ರೂಪಾಂತರಗಳೆಂಬುದು ಕೇಳಿದೊಡನೆ ತಿಳಿಯುತ್ತದೆ. ಯಾವ ಅರಸನ ಶಾಸನವೂ ಇಲ್ಲದೆ, ಯಾವ ಸಂಸ್ಥೆಯ ಅನುಮತಿಯೂ ಇಲ್ಲದೆ ಒಂದು ಆಟ ಭಾಷೆಯ ಗಡಿಗಳನ್ನು ದಾಟಿ, ಹೋದಲ್ಲಿ ಹೊಸ ನಿಯಮಗಳನ್ನು ಪಡೆದುಕೊಂಡಿತು.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಿಂದ ಮುಂಜಾನೆಯ ಬಸ್ಸಿನಲ್ಲಿ ಬರುವ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಇಂದು ಬೇರೊಂದು ಆಟವಿದೆ. ದೂರದೂರದ ಅನೇಕ ಆಟಗಾರರು ಏಕಕಾಲಕ್ಕೆ ಒಂದೇ ಕಾಲ್ಪನಿಕ ರಣಾಂಗಣದಲ್ಲಿ ಇಳಿದು, ಪರಸ್ಪರ ಗುಂಡು ಹಾರಿಸಿ ಸೋಲುಗೆಲುವನ್ನು ನಿರ್ಣಯಿಸಿಕೊಳ್ಳುವ ಈ ಬಗೆಯನ್ನು ನಾವು ‘ಗುಂಡುಕಾಳಗದ ಆಟ’ವೆಂದು ಕರೆಯೋಣ. ಹಿರಿಯರು ಇದನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದುಂಟು. ಆ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಪಗಡೆ ಆಡುವವನಿಗೆ ತನ್ನ ಆಟದ ಮೇಲೆ ಇದ್ದ ಹಕ್ಕು ಈ ಆಟದವನಿಗೂ ಇದೆಯೇ, ಇಂಥ ಆಟಮಾಲೆಗಳ ಮುಂದಿನ ರೂಪವನ್ನು ತಿದ್ದುವಲ್ಲಿ ಆಟಗಾರರು ಎಷ್ಟರಮಟ್ಟಿಗೆ ಸಮರ್ಥರಾಗಿದ್ದಾರೆ ಎಂಬುದನ್ನು ಕಳೆದ ಮೂರು ದಶಕಗಳ ಸಂಗತಿಗಳ ಆಧಾರದಿಂದ ವಿಚಾರಿಸುವುದಷ್ಟೇ ನಮ್ಮ ಉದ್ದೇಶ.

ಈ ಇತಿಹಾಸವನ್ನು 1993ರ ಡಿಸೆಂಬರದಲ್ಲಿ ಅಮೇರಿಕೆಯ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಪ್ರಕಟಿಸಿದ ‘ಡೂಮ್’ ಆಟದಿಂದ ಪ್ರಾರಂಭಿಸುವುದು ಯುಕ್ತವಾಗಿದೆ. ಅದರ ಕರ್ತೃಗಳಲ್ಲೊಬ್ಬನಾದ ಜಾನ್ ಕಾರ್ಮ್ಯಾಕನು ಆಟದ ಯಂತ್ರಭಾಗವನ್ನು ಒಂದೆಡೆ ಇರಿಸಿ, ಚಿತ್ರ, ಧ್ವನಿ, ಕಾಳಗದ ನೆಲಗಳನ್ನು ‘ವ್ಯಾಡ್’ ಎಂಬ ಪ್ರತ್ಯೇಕ ಕಡತಗಳಲ್ಲಿ ಇರಿಸಿದನು. ಮೂಲ ಆಟವನ್ನು ಮುರಿಯದೆಯೇ ಅನ್ಯರು ತಮ್ಮ ನೆಲಗಳನ್ನು ಅದಕ್ಕೆ ಜೋಡಿಸಲು ಇದರಿಂದ ಸಾಧ್ಯವಾಯಿತು. ಆಟಗಾರರು ಕೂಡಲೇ ಅದಕ್ಕೆ ಬೇಕಾದ ಸಾಧನಗಳನ್ನು ತಾವೇ ನಿರ್ಮಿಸಿಕೊಂಡು ನೂರಾರು ನೆಲಗಳನ್ನು ರಚಿಸಿ ಹಂಚತೊಡಗಿದರು. 1996ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಿನಿಂದ ಅಂಗಡಿಗೆ ಬಂದ ಸಂಪುಟವು ಇಂಥ ಹವ್ಯಾಸಿಗಳ ಬಳಗದಿಂದಲೇ ಹುಟ್ಟಿದ್ದೆಂಬುದು ಗಮನಾರ್ಹ. 1997ರ ಕೊನೆಗೆ ಸಂಸ್ಥೆಯು ಆಟದ ಮೂಲಸಂಕೇತವನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಡೂಮ್ ಹುಟ್ಟಿ ಮೂವತ್ತು ವರ್ಷಗಳು ಮೀರಿದರೂ ಅದಕ್ಕೆ ಹೊಸ ನೆಲಗಳು ಇನ್ನೂ ಬರುತ್ತಿವೆ.

ಇಂಥ ಮಾರ್ಪಾಡುಗಳಿಗೆ ಆಟಗಾರರು ಇಟ್ಟ ಹೆಸರು ‘ಮಾಡ್’. ಇಂಗ್ಲಿಷ್ ಶಬ್ದದ ತುಂಡಾದರೂ ಕನ್ನಡಿಗನ ಕಿವಿಗೆ ಇದು ‘ಮಾಡು’ ಧಾತುವಿನಂತೆ ಕೇಳುತ್ತದೆ. ಅರ್ಥವೂ ಅದಕ್ಕೆ ದೂರವಲ್ಲ. 1996ರಲ್ಲಿ ಪ್ರಕಟವಾದ ‘ಕ್ವೇಕ್’ ಆಟಕ್ಕೆ ರಾಬಿನ್ ವಾಕರ್ ಮೊದಲಾದ ಆಸ್ಟ್ರೇಲಿಯದ ಮೂವರು ತರುಣರು ‘ಟೀಮ್ ಫೋರ್ಟ್ರೆಸ್’ ಎಂಬ ಮಾಡ್ ರಚಿಸಿದರು. ಪ್ರತಿಯೊಬ್ಬ ಆಟಗಾರನಿಗೂ ವೈದ್ಯ, ಬೇಹುಗಾರ, ಎಂಜಿನಿಯರ್ ಎಂಬಂತೆ ಬೇರೆಬೇರೆ ಪಾತ್ರ ಕೊಡುವ ಕಲ್ಪನೆ ಅದರಲ್ಲಿತ್ತು. ಅಮೇರಿಕೆಯ ವಾಲ್ವ್ ಸಂಸ್ಥೆಯು 1998ರಲ್ಲಿ ಅವರನ್ನು ತನ್ನ ಕೆಲಸಕ್ಕೆ ಕರೆದುಕೊಂಡಿತು. ಅದೇ ವರ್ಷ ವಾಲ್ವ್ ಪ್ರಕಟಿಸಿದ ‘ಹಾಫ್-ಲೈಫ್’ ಒಬ್ಬನೇ ಆಡುವ ಕಥಾಪ್ರಧಾನ ಆಟವೆಂದು ಪ್ರಸಿದ್ಧವಾಯಿತು. ಅದರ ಮೇಲೆ ಕೆನಡಾದ ವಿದ್ಯಾರ್ಥಿ ಮಿನ್ ಲೇ ಮತ್ತು ಅವನ ಸಹಕಾರಿ ಜೆಸ್ ಕ್ಲಿಫ್ ಕಟ್ಟಿದ ‘ಕೌಂಟರ್-ಸ್ಟ್ರೈಕ್’ 1999ರ ಜೂನದಲ್ಲಿ ಉಚಿತವಾಗಿ ಹೊರಬಂದಿತು. ಅವರಿಬ್ಬರು ತಮ್ಮ ರಚನೆಯನ್ನು ಪೂರ್ಣವೆಂದು ಒಮ್ಮೆಗೇ ಒಪ್ಪಿಸಲಿಲ್ಲ. ಕರಡಿನ ಮೇಲೆ ಕರಡನ್ನು ಪ್ರಕಟಿಸಿ, ಆಡಿದವರು ಹೇಳಿದ್ದನ್ನು ಕೇಳಿ ತಿದ್ದುತ್ತ ಹೋದರು. ಹೊರಗಿನವರು ರಚಿಸಿದ ನೆಲಗಳನ್ನೂ ಸೇರಿಸಿಕೊಂಡರು. ಆ ಆಟದ ಅತ್ಯಂತ ಪರಿಚಿತ ನೆಲವಾದ ‘ಡಸ್ಟ್’ ಅನ್ನು ರಚಿಸಿದ ಡೇವ್ ಜಾನ್‌ಸ್ಟನ್ ಆಗ ಹದಿಹರೆಯದ ಇಂಗ್ಲಿಷ್ ಹುಡುಗ. 2000ದಲ್ಲಿ ವಾಲ್ವ್ ಈ ಮಾಡ್ ಅನ್ನು ಕೊಂಡುಕೊಂಡಿತು. 2023ರ ಸೆಪ್ಟೆಂಬರದಲ್ಲಿ ಬಂದ ‘ಕೌಂಟರ್-ಸ್ಟ್ರೈಕ್ 2’ರವರೆಗೆ ಬೆಳೆದ ಈ ಆಟಮಾಲೆಗೆ ಬೀಜ ಹಾಕಿದವರು ಆಟಗಾರರೇ ಎಂಬುದರಲ್ಲಿ ಸಂದೇಹವಿಲ್ಲ.

ಈ ಕಾಲಖಂಡದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಾಳಗವನ್ನು ನಡೆಸುವ ಸರ್ವರ್ ಆಗ ಸಂಸ್ಥೆಯ ಬಳಿ ಮಾತ್ರ ಇರುತ್ತಿರಲಿಲ್ಲ. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಅದನ್ನು ನಡೆಸಬಹುದಾಗಿತ್ತು; ಕೇಡಿಗರನ್ನು ಹೊರಹಾಕುವ, ನಿಯಮ ಬದಲಿಸುವ ಅಧಿಕಾರವೂ ನಡೆಸುವವನದೇ. ನಮ್ಮ ದೇಶದ ನಗರಗಳ ಸೈಬರ್ ಕೆಫೆಗಳಲ್ಲಿ ನಾಲ್ಕಾರು ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಹೊರಗಿನ ಸಂಪರ್ಕವಿಲ್ಲದೆಯೇ ಕೌಂಟರ್-ಸ್ಟ್ರೈಕ್ ಆಡುತ್ತಿದ್ದುದನ್ನು ನಮ್ಮ ವಯಸ್ಸಿನವರು ಬಲ್ಲರು. ಹಳ್ಳಿಯ ಹುಡುಗರಿಗೆ ಆ ಅವಕಾಶ ಅಪರೂಪವಾಗಿತ್ತು. ಅವರು ಈ ಆಟಕ್ಕೆ ಬಂದುದು ಮೊಬೈಲಿನ ಮೂಲಕ, ಅದೂ 2016ರ ತರುವಾಯ ಮೊಬೈಲ್ ಡೇಟಾ ಅಗ್ಗವಾದ ಬಳಿಕ. ಅಷ್ಟರಲ್ಲಿ ಆಟದ ವ್ಯವಸ್ಥೆಯೇ ಬದಲಾಗಿತ್ತು.

ಬದಲಾದ ಬಗೆಯನ್ನು ಅವರ ಅಚ್ಚುಮೆಚ್ಚಿನ ಆಟದ ವಂಶಾವಳಿಯಿಂದಲೇ ತೋರಿಸಬಹುದು. ‘ಆರ್ಮಾ 2’ ಎಂಬ ಸೈನಿಕ ಆಟಕ್ಕೆ ಡೀನ್ ಹಾಲ್ 2012ರಲ್ಲಿ ‘ಡೇಝಡ್’ ಎಂಬ ಮಾಡ್ ರಚಿಸಿದನು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬಾತನು ಆ ಮಾಡಿನ ಮೇಲೆ ಮತ್ತೊಂದು ಮಾಡ್ ಕಟ್ಟಿದನು. ಅನೇಕರು ಒಂದೇ ನೆಲದಲ್ಲಿ ಇಳಿದು, ಕಿರಿದಾಗುತ್ತ ಬರುವ ವಲಯದೊಳಗೆ ಕೊನೆಯವರೆಗೆ ಉಳಿದವನೇ ಗೆದ್ದನೆಂಬ ನಿಯಮ ಅದರದು. ದಕ್ಷಿಣ ಕೊರಿಯದ ಸಂಸ್ಥೆಯೊಂದು ಅವನನ್ನು ಬರಮಾಡಿಕೊಂಡು 2017ರ ಮಾರ್ಚದಲ್ಲಿ ‘ಪಬ್‌ಜಿ’ಯನ್ನು ಹೊರತಂದಿತು. 2018ರಲ್ಲಿ ಅದರ ಮೊಬೈಲ್ ರೂಪ ಚೀನದ ಟೆನ್ಸೆಂಟ್ ಸಂಸ್ಥೆಯ ಮೂಲಕ ಬಂದಿತು. ಮಾಡಿನಿಂದ ಹುಟ್ಟಿದ ಈ ಆಟ ಮೊಬೈಲಿಗೆ ಬರುವಷ್ಟರಲ್ಲಿ ಆಟಗಾರನಿಗೆ ಮಾಡ್ ಕಟ್ಟುವ ಹಾದಿ ಮುಚ್ಚಿಹೋಗಿತ್ತು. ಸರ್ವರ್ ಸಂಸ್ಥೆಯದು, ನೆಲಗಳು ಸಂಸ್ಥೆಯವು, ಮಾರ್ಪಾಡು ಮಾಡಿದವನು ಮೋಸಗಾರ. ಇದಕ್ಕೆ ಕಾರಣವಿಲ್ಲವೆಂದಲ್ಲ, ಮೋಸದ ಸಾಧನಗಳು ಈ ಆಟಗಳಿಗೆ ದೊಡ್ಡ ಪಿಡುಗಾಗಿವೆ. ಆದರೂ ಗ್ರೀನನಿಗೆ ದೊರೆತ ಹಾದಿ ಅಣ್ಣಿಗೇರಿಯ ಹುಡುಗನಿಗೆ ದೊರೆಯಲಿಲ್ಲವೆಂಬುದು ಇತಿಹಾಸಕಾರನು ಮರೆಯತಕ್ಕ ವಿಷಯವಲ್ಲ.

ಹಾಸು ಅನ್ಯರ ಮನೆಯಲ್ಲಿದ್ದಾಗ ಏನಾಗಬಹುದೆಂಬುದು 2020ರಲ್ಲಿ ತಿಳಿದುಬಂದಿತು. ಗಡಿಯ ಉದ್ವಿಗ್ನತೆಯ ಹಿನ್ನೆಲೆಯಲ್ಲಿ ಭಾರತ ಸರಕಾರವು ಆ ವರ್ಷದ ಸೆಪ್ಟೆಂಬರ 2ರಂದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ಎ ಕಲಮಿನ ಮೇರೆಗೆ 118 ಅನ್ವಯಗಳನ್ನು ತಡೆಹಿಡಿಯಿತು. ಪಬ್‌ಜಿ ಮೊಬೈಲ್ ಅವುಗಳಲ್ಲೊಂದು. ಅಕ್ಟೋಬರ 30ರಂದು ಸರ್ವರುಗಳೇ ಭಾರತೀಯರಿಗೆ ಮುಚ್ಚಿದವು. ಕ್ರಾಫ್ಟನ್ ಸಂಸ್ಥೆಯು ಭಾರತಕ್ಕೆಂದು ಸಿದ್ಧಪಡಿಸಿದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ 2021ರ ಜುಲೈ 2ರಂದು ಬಂದಿತು. ಮರುವರ್ಷ ನೋಂದಾಯಿತ ಆಟಗಾರರು 10 ಕೋಟಿ ಮೀರಿದರೆಂದು ಸಂಸ್ಥೆ ಸಾರಿದ ತಿಂಗಳಲ್ಲೇ, ಜುಲೈ 28ರಂದು, ಅದೂ ತಡೆಹಿಡಿಯಲ್ಪಟ್ಟಿತು. 2023ರ ಮೇ ಕೊನೆಗೆ, ಹದಿನೆಂಟರೊಳಗಿನವರಿಗೆ ದಿನಕ್ಕೆ 3 ತಾಸು, ಉಳಿದವರಿಗೆ 6 ತಾಸು ಎಂಬ ಮಿತಿಯೊಡನೆ ಮರಳಿತು. ಸರಕಾರದ ನಿರ್ಣಯದ ಯುಕ್ತಾಯುಕ್ತತೆಯನ್ನು ನಾವು ತೂಗುತ್ತಿಲ್ಲ; ದೇಶದ ಭದ್ರತೆಯ ಪ್ರಶ್ನೆ ಆಟದ ಪ್ರಶ್ನೆಗಿಂತ ದೊಡ್ಡದು. ಆದರೆ ಈ ಎಲ್ಲ ಏರಿಳಿತಗಳಲ್ಲಿ ಆಡುವವನು ಮಾಡಬಹುದಾಗಿದ್ದುದು ಕಾಯುವುದೊಂದೇ. ಕೌಂಟರ್-ಸ್ಟ್ರೈಕಿನ ಹಳೆಯ ಪ್ರತಿಯುಳ್ಳ ಕೆಫೆಯಲ್ಲಿ ಇಂಥ ಪ್ರಸಂಗ ಒದಗುತ್ತಿರಲಿಲ್ಲ.

ಹಾಗಾದರೆ ಮಾರ್ಪಾಡಿನ ಸಾಧನವಿಲ್ಲದ ಆಟಗಾರರು ಸಂಪೂರ್ಣ ನಿಸ್ಸಹಾಯಕರೇ? ಹಾಗೆಂದು ಹೇಳಲಾಗದು. 2017ರ ನವೆಂಬರದಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಪ್ರಕಟವಾಗುವ ಹೊತ್ತಿಗೆ, ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳ ವಿರುದ್ಧ ಆಟಗಾರರು ಎಬ್ಬಿಸಿದ ಕೂಗಿನಿಂದಾಗಿ ಪ್ರಕಾಶಕರು ಹಣದ ವ್ಯವಹಾರವನ್ನೇ ತಡೆಹಿಡಿಯಬೇಕಾಯಿತು. 2024ರ ಮೇ ತಿಂಗಳ ಪ್ರಸಂಗ ಇನ್ನೂ ಸ್ಪಷ್ಟವಾಗಿದೆ. ಸ್ವೀಡನ್ನಿನಲ್ಲಿ ರಚಿತವಾದ ‘ಹೆಲ್‌ಡೈವರ್ಸ್ 2’ ಆಟವನ್ನು ಕಂಪ್ಯೂಟರಿನಲ್ಲಿ ಆಡುವವರೆಲ್ಲರೂ ಸೋನಿ ಸಂಸ್ಥೆಯ ಖಾತೆ ಹೊಂದಲೇಬೇಕೆಂಬ ಸೂಚನೆ ಹೊರಟಿತು. ಅಂಥ ಖಾತೆ ತೆರೆಯಲು ಬಾರದ ಅನೇಕ ದೇಶಗಳಲ್ಲಿ ಆಟ ಅದಾಗಲೇ ಮಾರಾಟವಾಗಿತ್ತು. ಎರಡು ಲಕ್ಷಕ್ಕೂ ಮಿಕ್ಕಿ ಪ್ರತಿಕೂಲ ವಿಮರ್ಶೆಗಳು ಬಂದು ಬಿದ್ದವು. ಕೆಲವೇ ದಿನಗಳಲ್ಲಿ ಸೋನಿ ಸೂಚನೆಯನ್ನು ಹಿಂತೆಗೆದುಕೊಂಡಿತು. ಖಾತೆ ತೆರೆಯಲು ಯಾವ ಅಡ್ಡಿಯೂ ಇಲ್ಲದ ದೇಶಗಳ ಆಟಗಾರರೂ ತಮ್ಮ ಜೊತೆಯವರ ಪರವಾಗಿ ನಿಂತರೆಂಬುದು ನಮಗೆ ಇದರಲ್ಲಿ ಮುಖ್ಯವಾಗಿ ಕಾಣುತ್ತದೆ.

ಆದರೆ ಇವೆರಡೂ ಕೆಡುಕನ್ನು ತಡೆದ ಉದಾಹರಣೆಗಳು. ಕೂಗಿನಿಂದ ಒಳ್ಳೆಯದೊಂದನ್ನು ಕಟ್ಟಿಸುವುದು ಬಹು ಕಷ್ಟವೆಂಬುದಕ್ಕೆ ‘ಟೀಮ್ ಫೋರ್ಟ್ರೆಸ್ 2’ರ ಕಥೆಯೇ ಸಾಕ್ಷಿ. 2007ರಲ್ಲಿ ಹುಟ್ಟಿದ ಆ ಆಟದೊಳಗೆ ಯಾಂತ್ರಿಕ ಸುಳ್ಳು ಆಟಗಾರರ ಹಾವಳಿ ಹೆಚ್ಚಿ ಆಡುವುದೇ ದುಸ್ತರವಾದಾಗ, 2022ರ ಮೇ 26ರಂದು ಆಟಗಾರರು ಒಟ್ಟುಗೂಡಿ ಶಾಂತ ರೀತಿಯಿಂದ ವಾಲ್ವ್‌ಗೆ ಮೊರೆಯಿಟ್ಟರು. ಆಶ್ವಾಸನೆಯೂ ಕೆಲವು ತಿದ್ದುಪಡಿಗಳೂ ಬಂದವು, ಹಾವಳಿ ನಿಲ್ಲಲಿಲ್ಲ. 2024ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಹಿಗಳುಳ್ಳ ಮನವಿಯೊಂದು ಸಿದ್ಧವಾಯಿತು. 2025ರ ಫೆಬ್ರವರಿಯಲ್ಲಿ ವಾಲ್ವ್ ಆ ಆಟದ ಸಂಕೇತವನ್ನು ಮಾಡ್ ರಚಿಸುವವರಿಗೆ ತೆರೆದಿಟ್ಟಿತು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ನಾವು ಹೇಳಲಾರೆವು. ಅದೇನೇ ಇರಲಿ, ಹದಿನೇಳು ವರ್ಷ ಹಳೆಯ ಆಟವೊಂದರ ಮುಂದಿನ ಆಯುಷ್ಯವು ಆಡುವವರ ಕೈಗೆ ಮರಳಿತೆಂಬುದು ನಿಜ.

ಮನವಿಗೆ ಒಂದು ಬಾಗಿಲು ಬೇಕು. 1980ರ ಜುಲೈದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ನವಲಗುಂದ-ನರಗುಂದಗಳಲ್ಲಿ ಎದ್ದುನಿಂತಾಗ ತಹಸೀಲ ಕಚೇರಿ ಅವರ ಕಣ್ಣೆದುರಿಗಿತ್ತು. ಪ್ರಾಣಹಾನಿಯಾದ ಆ ಹೋರಾಟವನ್ನೂ ಆಟದ ದೂರುಗಳನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನುಚಿತ. ಬಾಗಿಲೊಂದರ ಮಾತಿಗಾಗಿ ಮಾತ್ರ ಇದನ್ನು ನೆನೆದೆವು. ಕೊರಿಯದ ಸಂಸ್ಥೆಗೆ ದೂರು ಹೇಳಬೇಕಾದರೆ ಇಂಗ್ಲಿಷ್ ಬರಬೇಕು, ಬಿಡುವಿರಬೇಕು, ಕೇಳುವವರಿಗೆ ಪರಿಚಿತನಾಗಿರಬೇಕು. ‘ಆಟಗಾರ ಸಮುದಾಯ’ವೆಂದು ನಾವು ಕರೆಯುವುದು ಅನೇಕ ವೇಳೆ ಗಟ್ಟಿಯಾಗಿ ಮಾತಾಡಬಲ್ಲ ಕೆಲವರನ್ನಷ್ಟೇ. ಅಣ್ಣನ ಮೊಬೈಲನ್ನು ಅರ್ಧ ತಾಸು ಬೇಡಿ ಆಡುವ ಹುಡುಗಿಯ ಅಭಿಪ್ರಾಯ ಯಾವ ಸಮೀಕ್ಷೆಯಲ್ಲಿಯೂ ದಾಖಲಾಗುವುದಿಲ್ಲ. 2025ರ ಆಗಸ್ಟದಲ್ಲಿ ಅಂಗೀಕಾರವಾದ ಆನ್‌ಲೈನ್ ಆಟಗಳ ಕೇಂದ್ರ ಅಧಿನಿಯಮವು ಹಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳಿಗೆ ಮನ್ನಣೆ ನೀಡಿತು. ಕ್ರೀಡೆಯೆಂದು ಮನ್ನಣೆ ದೊರೆತ ಮೇಲೆ ಕ್ರೀಡಾಳುವಿಗೆ ಮಾತಿನ ಹಕ್ಕೂ ದೊರೆಯುವುದೇ ಎಂಬುದನ್ನು ನಮ್ಮ ಕಾಯದೆಯ ಅಧ್ಯಾಪಕ ಮಿತ್ರರು ವಿಚಾರಿಸಬೇಕೆಂದು ಕೋರುತ್ತೇವೆ.

ಇನ್ನು ನಮ್ಮ ವಿದ್ಯಾರ್ಥಿಗಳ ವಿಷಯ. ಈ ಮೊಬೈಲ್ ಆಟದಲ್ಲಿಯೂ ‘ರೂಮ್’ ಎಂಬ ಒಂದು ಸಣ್ಣ ಅವಕಾಶ ಉಳಿದಿದೆ. ಪರಿಚಿತರು ಮಾತ್ರ ಸೇರುವ ಪ್ರತ್ಯೇಕ ಕಾಳಗವನ್ನು ಏರ್ಪಡಿಸಿ, ಕೆಲವು ಏರ್ಪಾಡುಗಳನ್ನು ತಾವೇ ಗೊತ್ತುಮಾಡಬಹುದು. ಯಂತ್ರವು ಕೊಡದ ನಿಯಮಗಳನ್ನು ಹುಡುಗರು ಬಾಯಿಮಾತಿನಿಂದ ಸೇರಿಸಿಕೊಳ್ಳುತ್ತಾರೆ. ಇಂಥ ಬಂದೂಕು ಕೂಡದು, ವಾಹನ ಹತ್ತಕೂಡದು, ಹೊಸಬನನ್ನು ಮೊದಲ ಐದು ನಿಮಿಷ ಹೊಡೆಯಕೂಡದು ಎಂಬಂಥವು ಅವು. ಕೊನೆಯದನ್ನು ನಮಗೆ ಹೇಳಿದ ಕುಂದಗೋಳ ಕಡೆಯ ವಿದ್ಯಾರ್ಥಿಯನ್ನು, ಇದನ್ನು ಯಾರು ಕಲಿಸಿದರು ಎಂದು ಕೇಳಿದೆವು. “ಯಾರೂ ಕಲಸಿಲ್ರೀ ಸರ್, ಸಣ್ಣಾವ್ರು ಅತ್ತು ಆಟ ಬಿಟ್ಟು ಹೋದ್ರ ಮಂದಿ ಸಾಲಂಗಿಲ್ಲ” ಎಂದು ಅವನು ಉತ್ತರಿಸಿದನು. ಚಿನ್ನಿದಾಂಡಿನಲ್ಲಿ ಚಿಕ್ಕವನಿಗೆ ಒಂದು ಹೊಡೆತ ಹೆಚ್ಚು ಕೊಡುವ ಪದ್ಧತಿಗೂ ಕಾರಣ ಇದೇ ಇದ್ದೀತು.

ಈ ನಿಯಮಗಳನ್ನು ಯಾರೂ ಬರೆದಿಡುತ್ತಿಲ್ಲ. ಡೂಮಿನ ಹವ್ಯಾಸಿಗಳು ರಚಿಸಿದ್ದೆಲ್ಲವೂ ಕಡತಗಳಲ್ಲಿ ಉಳಿದಿದೆ. ನಮ್ಮ ಹುಡುಗರದು ಮೊಬೈಲ್ ಬದಲಾದೊಡನೆ ಅಳಿಸಿಹೋಗುತ್ತದೆ. 2020ರ ಅಕ್ಟೋಬರದಿಂದ 2021ರ ಜುಲೈವರೆಗಿನ ಎಂಟು ತಿಂಗಳು ಈ ತಂಡಗಳು ಏನು ಮಾಡಿದವು, ಯಾವುವು ಚದುರಿದವು, ಯಾವುವು ಬೇರೆ ಆಟಕ್ಕೆ ಹೋಗಿ ಮರಳಿ ಕೂಡಿದವು ಎಂಬುದನ್ನು ಬಲ್ಲವರು ಈಗ ಪದವಿ ತರಗತಿಗಳಲ್ಲಿದ್ದಾರೆ. ಇನ್ನು ಎರಡು-ಮೂರು ವರ್ಷಗಳಲ್ಲಿ ಊರೂರು ಚದುರಿಹೋಗುತ್ತಾರೆ. ಆದುದರಿಂದ ಈ ನಾಲ್ಕು ತಾಲೂಕುಗಳ ಕಾಲೇಜುಗಳ ಅಧ್ಯಾಪಕರು ತಂತಮ್ಮ ವಿದ್ಯಾರ್ಥಿಗಳಿಂದ ರೂಮ್ ನಿಯಮಗಳನ್ನು, ತಂಡಗಳ ಹೆಸರುಗಳನ್ನು, ಆಟ ನಿಂತ ದಿನಗಳ ನೆನಪುಗಳನ್ನು ಅವರದೇ ಮಾತಿನಲ್ಲಿ ಬರೆಸಿಕೊಂಡರೆ ಒಳ್ಳೆಯದು. ನಾವು ಈ ಕೆಲಸಕ್ಕೆಂದು ನೂರು ಪುಟದ ಒಂದು ನೋಟುಬುಕ್ಕನ್ನು ತರಗತಿಯಲ್ಲಿ ಇರಿಸಿದ್ದೇವೆ. ಮೊದಲ ಪುಟದಲ್ಲಿ ಕಲಘಟಗಿಯ ತಂಡವೊಂದು ಹನ್ನೊಂದು ನಿಯಮಗಳನ್ನು ಬರೆದಿದೆ. ಏಳನೆಯದನ್ನು ಯಾರೋ ಹೊಡೆದುಹಾಕಿ, ಪಕ್ಕದಲ್ಲಿ ‘ಇದು ನಮ್ಮೂರಾಗ ನಡ್ಯಾಂಗಿಲ್ಲ’ ಎಂದು ಗೀಚಿದ್ದಾರೆ.